ಅಂಗೈಗೆ ಹಿಡಿಸದ ಮಾತು

ಬೆಳಗಿನ ಐದೂವರೆ. ಹಿಂಬಾಗಿಲ ಬಳಿಯ ತೊಟ್ಟಿಯಲ್ಲಿ ನೆನೆಹಾಕಿದ ಬೆತ್ತದ ಎಳೆಗಳನ್ನು ಅತ್ತಿಗೆ ಒಂದೊಂದಾಗಿ ಎತ್ತಿ ಕೊಡವುತ್ತಿದ್ದಾರೆ. ಎದುರಿಗೆ ಅವರ ನಾದಿನಿ, ಹೆಣಿಗೆ ಕಿತ್ತುಹೋದ ಕುರ್ಚಿಯೊಂದನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡು ಕೂತಿದ್ದಾರೆ. ದೀಪ ಹಾಕಿರುವುದು ಅತ್ತಿಗೆಗಾಗಿ ಮಾತ್ರ. ನಾದಿನಿಗೆ ಕಣ್ಣು ಕಾಣದು, ಕಿವಿಯೂ ಕೇಳದು. ಎಳೆ ಕೈಗೆ ಬರುವುದು ತಡವಾದರೆ ಅವರು ಕುರ್ಚಿಯ ಕಾಲಿನಿಂದ ನೆಲ ಕುಟ್ಟುತ್ತಾರೆ.

"ನೋಡಿ, ಯಜಮಾನಿಯವರಿಗೆ ಸಿಟ್ಟು ಬಂತು," ಎಂದು ಅತ್ತಿಗೆ ನಗುತ್ತಾರೆ.

ಇಡೀ ಬೀದಿಗೇ ಅವರು ಅತ್ತಿಗೆ. ಕುರ್ಚಿ ಹೆಣೆಯುವುದು ಹೊಟ್ಟೆಪಾಡು. ಅವರ ಇನ್ನೊಂದು ಕೆಲಸಕ್ಕೆ ಹೆಸರಿಲ್ಲ, ಸಂಬಳವೂ ಇಲ್ಲ. ಪ್ರತಿ ಭಾನುವಾರ ಚರ್ಚಿನ ಎರಡನೇ ಬೆಂಚಿನಲ್ಲಿ ಕೂತು, ಪಾದ್ರಿ ಹೇಳಿದ್ದನ್ನೆಲ್ಲ ಅವರು ನಾದಿನಿಯ ಅಂಗೈಗೆ ದಾಟಿಸುತ್ತಾರೆ. ಒತ್ತುವುದು, ತಟ್ಟುವುದು, ಗೆರೆ ಎಳೆಯುವುದು, ಬೆರಳು ಮಡಿಸುವುದು, ಇಷ್ಟರಲ್ಲೇ ಇಬ್ಬರೂ ಸೇರಿ ಕಟ್ಟಿಕೊಂಡ ಭಾಷೆ ಅದು. ಮಾತು ಶುರುವಾದರೆ ಹೆಣಿಗೆ ನಿಲ್ಲುತ್ತದೆ. ಎರಡಕ್ಕೂ ಅವೇ ಕೈಗಳು.

ಅತ್ತಿಗೆ ಮದುವೆಯಾಗಿ ಬರುವ ಹೊತ್ತಿಗೆ ನಾದಿನಿಯ ಕಣ್ಣು, ಕಿವಿ ಎರಡೂ ಹೋಗಿದ್ದವು. "ಮೊದಲನೇ ವರ್ಷ ಬರೀ ಜಗಳ. ಜಗಳ ಆಡೋಕಾದ್ರೂ ಮಾತು ಬೇಕಲ್ಲ, ಹಾಗೆ ಕಲಿತ್ವಿ." ಗಂಡ ತೀರಿಕೊಂಡ ದಿನ ಸುದ್ದಿಯನ್ನು ನಾದಿನಿಯ ಕೈಗೆ ಮುಟ್ಟಿಸಿದವರೂ ಅವರೇ. ಅದರ ಬಗ್ಗೆ ಕೇಳಿದರೆ, "ಹೇಳಿದೆ. ಸಣ್ಣ ಮಾತು ಅದು, ಬೇಗ ಮುಗೀತು," ಎನ್ನುತ್ತಾರೆ.

ಅವರ ಕೈ ಸೋತದ್ದು ಬೇರೊಂದು ಮಾತಿನ ಮುಂದೆ. ದೀಕ್ಷಾಸ್ನಾನ ಪಡೆಯಬೇಕೆಂದು ನಾದಿನಿ ಹಟ ಹಿಡಿದಿದ್ದರು, ಅದಕ್ಕೆ ದಿನ ನಿಗದಿಯೂ ಆಗಿತ್ತು. ಅದಕ್ಕಾಗಿ ನಡೆಯುತ್ತಿದ್ದ ಪಾಠದಲ್ಲಿ ಪಾದ್ರಿ, ದೇವರು ಅನಂತ ಎಂದರು. ಅತ್ತಿಗೆ ಎಂದಿನಂತೆ ನಾದಿನಿಯ ಅಂಗೈಯಿಂದ ಹೊರಟು, ಮೊಣಕೈ ದಾಟಿ, ಹೆಗಲಿನವರೆಗೆ ಬೆರಳೆಳೆದರು. 'ತುಂಬಾ ದೊಡ್ಡದು' ಎನ್ನುವುದಕ್ಕೂ ಅವರಲ್ಲಿ ಅದೇ ಗುರುತು. ನಾದಿನಿ ಆ ಬೆರಳನ್ನು ಅಲ್ಲೇ ಹಿಡಿದುಕೊಂಡರು.

"ಇಲ್ಲಿಗೆ ಮುಗೀತಾ?"

"ಇಲ್ಲ. ಮುಗಿಯೋದೇ ಇಲ್ಲ."

"ಮತ್ತೆ ಯಾಕೆ ನಿಲ್ಲಿಸ್ದೆ?"

ಅಲ್ಲಿಯವರೆಗೂ ನಾದಿನಿಯ ಪಾಲಿಗೆ ದೇವರೆಂದರೆ ಚರ್ಚಿನ ಚಾವಣಿಗೆ ತಲೆ ತಾಗಿಸಿಕೊಂಡು ನಿಂತ ದೊಡ್ಡ ಆಳು. ಆತ ಮನೆ ಬಾಗಿಲಲ್ಲಿ ಹಿಡಿಸುವುದಿಲ್ಲವೆಂದು ಅವರು ಮನೆಯಲ್ಲಿ ಪ್ರಾರ್ಥನೆಯನ್ನೇ ಮಾಡುತ್ತಿರಲಿಲ್ಲ. "ನಾನು ಸೋಮಾರಿ ಅಂತ ಬೈತಿದ್ದೆ," ಎನ್ನುತ್ತಾರೆ ಅತ್ತಿಗೆ.

ಈಗ ನಾದಿನಿ ಖಡಾಖಂಡಿತವಾಗಿ ಹೇಳಿಬಿಟ್ಟರು: "ತುದಿಯೇ ಇಲ್ಲದವನನ್ನ ನಂಗೆ ಗೊತ್ತು ಅಂತ ಹೇಗೆ ಹೇಳ್ಲಿ? ಸುಳ್ಳು ಹೇಳಿ ನೀರಿಗೆ ಇಳಿಯಲ್ಲ."

ಅತ್ತಿಗೆ ಪಾದ್ರಿಯ ಬಳಿ ಓಡಿದರು. "ಪೂರ್ತಿ ತಿಳಿಯೋದು ನನ್ನಿಂದಲೂ ಆಗಿಲ್ಲಮ್ಮ," ಎಂದರು ಪಾದ್ರಿ. "ಆತನನ್ನ ಅಳೆಯೋಕೆ ನಮ್ಮ ಕೈಲಿ ಆಗಲ್ಲ. ಅದಕ್ಕೇ ಆತನೇ ನಮ್ಮ ಅಳತೆಗೆ ಇಳಿದು ಬಂದ. ಯೇಸುವನ್ನ ಅರಿತಷ್ಟೂ ದೇವರನ್ನ ಅರಿತ ಹಾಗೆ."

"ಇದನ್ನ ಕೈಗೆ ಹೇಗೆ ಹೇಳ್ಲಿ?"

"ಅದು ನಿಮ್ಮ ಇಲಾಖೆ."

ವಾರವಿಡೀ ಅತ್ತಿಗೆಗೆ ಅದೇ ಯೋಚನೆ. ಒಂದು ಬೆಳಿಗ್ಗೆ ಹೆಣಿಗೆ ನಿಲ್ಲಿಸಿ ನಾದಿನಿಯ ಕೈ ಎಳೆದುಕೊಂಡರು.

"ನಾನು ನಿಂಗೆ ಗೊತ್ತಾ?"

"ಇದೆಂಥ ಪ್ರಶ್ನೆ ಅತ್ತಿಗೆ? ಗೊತ್ತು."

"ಮುಖ ನೋಡಿದೀಯಾ? ದನಿ ಕೇಳಿದೀಯಾ?"

"ಇಲ್ಲ. ನೀನು ಬಂದು ಕೈ ಹಿಡಿದಷ್ಟು ಗೊತ್ತು. ಬರದೇ ಇದ್ದಿದ್ರೆ ಅಷ್ಟೂ ಇಲ್ಲ."

"ಆತನೂ ಬಂದ."

ನಾದಿನಿ ಅತ್ತಿಗೆಯ ಕೈಯನ್ನು ಹಿಡಿದುಕೊಂಡರು. "ಕೈ ಇತ್ತಾ?"

"ಇತ್ತು. ಬಡಗಿ ಕೈ."

"ಬಡಗಿನಾ? ಹಾಗಿದ್ರೆ ಒರಟು ಇರತ್ತೆ," ಎಂದು ನಾದಿನಿ ಅತ್ತಿಗೆಯ ಅಂಗೈಯ ಜಡ್ಡನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಆಮೇಲೆ ಕುರ್ಚಿಯತ್ತ ತಿರುಗಿದರು. ಒಪ್ಪಿದರೋ ಇಲ್ಲವೋ ಅತ್ತಿಗೆಗೆ ತಿಳಿಯಲಿಲ್ಲ.

ನಿಗದಿಯಾದ ಭಾನುವಾರ ನಾದಿನಿ ಬಿಳಿ ಸೀರೆಯುಟ್ಟು ಹೊರಟರು. ತುಂಬಿದ ಸಭೆಯ ಮುಂದೆ ಪಾದ್ರಿ ಕೇಳಿದರು: "ದೇವರನ್ನು ಅರಿತಿದ್ದೀರಾ?" ಎಲ್ಲರೂ ಹೌದು ಎನ್ನುವ ಜಾಗ ಅದು. ನಾದಿನಿಯ ಬೆರಳುಗಳು ಮಾತ್ರ ಅತ್ತಿಗೆಯ ಅಂಗೈ ಮೇಲೆ ಆಡುತ್ತಲೇ ಇದ್ದವು. ಅವು ನಿಂತ ಮೇಲೆ ಅತ್ತಿಗೆ ಎಲ್ಲರಿಗೂ ಕೇಳುವಂತೆ ಹೇಳಿದರು:

"ಸ್ವಲ್ಪ ಗೊತ್ತು ಅಂತಿದ್ದಾಳೆ. ಆ ಸ್ವಲ್ಪ ಸುಳ್ಳಲ್ಲವಂತೆ. ಮಿಕ್ಕಿದ್ದು ಗೊತ್ತಾಗೋವರೆಗೂ ಆತ ಕೈ ಬಿಡದಿದ್ರೆ ಸಾಕಂತೆ."

ಪಾದ್ರಿ ನಾದಿನಿಯ ಕೈ ಹಿಡಿದು ನೀರಿಗಿಳಿಸಿದರು.

ಹೊರಗೆ ಯಾರೋ ಅತ್ತಿಗೆಯನ್ನು ಆಕ್ಷೇಪಿಸಿದರಂತೆ: ಸುಮ್ಮನೆ ಹೌದು ಅಂದುಬಿಟ್ಟಿದ್ದರೆ ಆಗುತ್ತಿರಲಿಲ್ಲವೇ, ಯಾರಿಗೆ ಗೊತ್ತಾಗುತ್ತಿತ್ತು?

"ಹೌದು ಅನ್ನೋದು ನನ್ನ ಮಾತಾಗ್ತಿತ್ತು," ಎನ್ನುತ್ತಾರೆ ಅತ್ತಿಗೆ. "ಅವಳ ಮಾತನ್ನ ಅವಳು ಆಡಿದ ಹಾಗೇ ದಾಟಿಸಿದೀನಿ."