ಪಂಪಮ್ಮನ ಅಂಗಡಿಯಲ್ಲಿ ಮಧುಪಾನ

ಹೊಸಪೇಟೆಯ ಬಸ್ ನಿಲ್ದಾಣದಿಂದ ಹೊರಬಿದ್ದು, ಬಾಳೆಹಣ್ಣಿನ ಗಾಡಿಗಳನ್ನು ದಾಟಿ ಎಡಕ್ಕೆ ಹೊರಳಿದರೆ ಒಂದು ಇಕ್ಕಟ್ಟಾದ ಓಣಿ ಸಿಗುತ್ತದೆ. ಅಲ್ಲಿ ಪಂಪಮ್ಮನ ಚಹಾ ಅಂಗಡಿ. ಗಂಡ ತೀರಿಕೊಂಡ ಮೇಲೆ ಪಂಪಮ್ಮ ಆ ಅಂಗಡಿಯನ್ನು ಒಬ್ಬಳೇ ನಡೆಸಿದಳು. ಮಗ ಮಲ್ಲಿಕಾರ್ಜುನನನ್ನು ಓದಿಸಿ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹಚ್ಚಿದಳು. ಆಮೇಲೆ ಸಂಡೂರಿಗೆ ಹೋಗಿ ಹೆಣ್ಣು ನೋಡಿದಳು.

ಆ ಹೆಣ್ಣೇ ಶೈಲಜಾ. ಕನ್ನಡದಲ್ಲಿ ಎಂ.ಎ. ಮಾಡಿದ್ದಳು. ಹೆಣ್ಣು ನೋಡುವ ದಿನ ಪಂಪಮ್ಮ, "ಅಡಿಗಿ ಏನೇನ್ ಬರ್ತದವ್ವ ನಿನಗ?" ಎಂದು ಕೇಳಿದಾಗ ಹುಡುಗಿ ತಲೆ ತಗ್ಗಿಸಿಕೊಂಡೇ, "ಹದಿನೆಂಟು ಥರ ಬರ್ತಾವ್ರಿ" ಎಂದಳು. ಪಂಪಮ್ಮನಿಗೆ ಖುಷಿಯಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶೈಲಜಾಳ ತಾಯಿ ಹಣೆ ಹಣೆ ಚಚ್ಚಿಕೊಂಡರು. ಮಗಳಿಗೆ ಅನ್ನ ಸಾರು ಬಿಟ್ಟರೆ ಏನೂ ಬಾರದೆಂದು ಅವರಿಗೆ ಗೊತ್ತಿತ್ತು. ಮಹಾಕಾವ್ಯ ಎನಿಸಿಕೊಳ್ಳಬೇಕಾದರೆ ಅದರಲ್ಲಿ ಹದಿನೆಂಟು ವರ್ಣನೆಗಳು ಇರಬೇಕೆಂದು ಹಳಬರು ಹೇಳಿದ್ದಾರೆ: ಸಮುದ್ರ, ಪರ್ವತ, ಸೂರ್ಯೋದಯ, ಚಂದ್ರೋದಯ, ವಿರಹ, ಪ್ರಯಾಣ, ಯುದ್ಧ, ಹೀಗೆ. ಮಗಳು ಹೇಳಿದ್ದು ಆ ಹದಿನೆಂಟು. ಮದುವೆಯಾಗಿ ಒಂದು ವಾರದೊಳಗೆ ಪಂಪಮ್ಮನಿಗೆ ನಿಜ ತಿಳಿಯಿತು. ಬೈಯಬೇಕೆಂದುಕೊಂಡವಳು ನಗುತ್ತ ಕುಳಿತುಬಿಟ್ಟಳು.

ಶೈಲಜಾ ಊರಿನ ಖಾಸಗಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕೆಲವು ವರ್ಷ ಹಳಗನ್ನಡ ಪಾಠ ಮಾಡಿದಳು. ಊಟದ ನಂತರದ ಅವಧಿಯಲ್ಲಿ ಮಕ್ಕಳು ತೂಕಡಿಸುತ್ತಿದ್ದರು. ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ಒಯ್ದು, ಒಬ್ಬೊಬ್ಬರಿಗೂ ಮುಚ್ಚಳದಷ್ಟು ಕುಡಿಸಿ, ಇದು ಸೂರ್ಯೋದಯ ಎಂದು ಪಾಠ ಶುರು ಮಾಡುತ್ತಿದ್ದಳು. ಮಕ್ಕಳಿಗೆ ಪದ್ಯ ಮರೆತುಹೋದರೂ ಕಷಾಯ ನೆನಪಿರುತ್ತಿತ್ತು. ಒಂದು ವರ್ಷ ಐಚ್ಛಿಕ ಕನ್ನಡಕ್ಕೆ ಯಾರೂ ಸೇರಲಿಲ್ಲ. ಮಕ್ಕಳು ಬಂದರೆ ಕರೆಯುತ್ತೇವೆ ಮೇಡಂ ಎಂದು ಪ್ರಾಂಶುಪಾಲರು ಕೈಮುಗಿದು ಕಳಿಸಿದರು.

ಆಕೆ ಮನೆಯಲ್ಲಿ ಸುಮ್ಮನೆ ಕುಳಿತದ್ದನ್ನು ಪಂಪಮ್ಮ ಬಹಳ ದಿನ ನೋಡುತ್ತ ಕೂರಲಿಲ್ಲ. "ಬಾ, ನನ್ ಕೂಡ ಅಂಗಡ್ಯಾಗ ನಿಂದ್ರು. ನನಗೂ ಮಂಡಿನೋವು. ಗ್ಲಾಸರ ತೊಳದು ಕೊಡು" ಎಂದು ಕರೆದೊಯ್ದಳು.

ಶೈಲಜಾ ಗ್ಲಾಸು ತೊಳೆಯುತ್ತ ಗಿರಾಕಿಗಳನ್ನು ನೋಡತೊಡಗಿದಳು. ಕಂಪ್ಲಿ ಬಸ್ಸು ಹಿಡಿಯುವವರು ಚಹಾ ತೆಗೆದುಕೊಂಡು, ಊದಿ ಊದಿ, ಹಾರ್ನ್ ಕೇಳಿದೊಡನೆ ಅರ್ಧ ಬಿಟ್ಟು ಓಡುತ್ತಿದ್ದರು. ನಾಲಿಗೆ ಸುಟ್ಟುಕೊಂಡವರಿಗಂತೂ ಲೆಕ್ಕವಿರಲಿಲ್ಲ. ಆಕೆ ಒಂದು ಪಾತ್ರೆಯಲ್ಲಿ ಚಹಾವನ್ನು ಮೊದಲೇ ಎತ್ತಿ ಎತ್ತಿ ಹೊಯ್ದು, ಗುಟುಕರಿಸುವ ಬಿಸಿಗೆ ತಂದು, ಒಂದಿಷ್ಟು ಒಣಶುಂಠಿ ಸೇರಿಸಿ, ಸಣ್ಣ ಗ್ಲಾಸಿನಲ್ಲಿ ಕೊಟ್ಟಳು.

"ಏನಿದು?" ಎಂದ ಒಬ್ಬ ಕಂಡಕ್ಟರ್.

"ಪ್ರಯಾಣ ವರ್ಣನೆ ರೀ. ರಾಜರು ದಂಡೆತ್ತಿ ಹೊಂಟಾಗ ಕಾವ್ಯದಾಗ ಬರ್ತದ."

ಕಂಡಕ್ಟರ್ ಒಂದೇ ಗುಟುಕಿಗೆ ಕುಡಿದು, "ರಾಜರು ಶಾಣ್ಯಾರಿದ್ರು ಬಿಡ್ರಿ" ಎಂದು ಬಸ್ಸಿನತ್ತ ಓಡಿದ. ಮರುದಿನದಿಂದ ಜನ ಅಂಗಡಿಗೆ ಬಂದು "ಎರಡು ಪ್ರಯಾಣ ಕೊಡ್ರಿ" ಎಂದು ಕೇಳುವುದು ರೂಢಿಯಾಯಿತು.

ಅಲ್ಲಿಂದ ಆಕೆಯ ಕೈ ನಿಲ್ಲಲಿಲ್ಲ. ಹಾಲಿಲ್ಲದ ಕೆಂಪು ಚಹಾಕ್ಕೆ ಕಣ್ಣೆದುರೇ ನಿಂಬೆಹಣ್ಣು ಹಿಂಡಿ ಬಣ್ಣ ತಿಳಿಯಾಗಿಸಿದರೆ ಸೂರ್ಯೋದಯ. ಗಸಗಸೆ ಅರೆದು ಹಾಕಿದ ಹಾಲು ಚಹಾ ಚಂದ್ರೋದಯ. ಅದನ್ನು ಕುಡಿದ ಆಟೋದವರು ಮಧ್ಯಾಹ್ನವೆಲ್ಲ ಗೊರಕೆ ಹೊಡೆಯುತ್ತಾರೆಂದು ಪಂಪಮ್ಮ ಅದನ್ನು ಸಂಜೆಗೆ ತಳ್ಳಿದಳು. ಒಗ್ಗರಣೆ ಮಂಡಕ್ಕಿಯನ್ನು ಗೋಪುರದಂತೆ ಒಟ್ಟಿ ತುದಿಗೆ ಮಿರ್ಚಿ ಸಿಕ್ಕಿಸಿದರೆ ಪರ್ವತ. ಸಾರಿನಲ್ಲಿ ತೇಲುವ ವಡೆ ಜಲಕ್ರೀಡೆ. ಮಂತ್ರಾಲೋಚನೆಯನ್ನು ಆಕೆ ಸೈಟು ದಲ್ಲಾಳಿಗಳಿಗಾಗಿಯೇ ಮಾಡಿದಳು. ಒಂದು ಚಹಾ ತೆಗೆದುಕೊಂಡು ಮೂವರು ಹಂಚಿ ಕುಡಿಯುತ್ತ ಬೆಂಚು ಬಿಟ್ಟೇಳದವರು ಅವರು. ಅವರ ಚಹಾದಲ್ಲಿ ಇದ್ದದ್ದು ಬರೀ ಸೋಂಪು ಕಷಾಯ. ಕುಡಿದ ಸ್ವಲ್ಪ ಹೊತ್ತಿಗೆ ಹಸಿವಾಗಿ ಪರ್ವತ ತರಿಸುತ್ತಿದ್ದರು. ಎಲ್ಲವೂ ಗೆಲ್ಲಲಿಲ್ಲ. ಸಮುದ್ರಕ್ಕೆ ಆಕೆ ಉಪ್ಪು ಹಾಕಿದ್ದಳು. ಅದನ್ನು ಪೂರ್ತಿ ಕುಡಿದವರು ಯಾರೂ ಇಲ್ಲ.

ಮಾರುತೇಶ ಎಂಬ ಯುವಕ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ. ಪಾಳಿ ಮುಗಿಸಿ ಬಂದು ಮೂಲೆಯಲ್ಲಿ ಕುಳಿತು ಫೋನು ನೋಡುತ್ತಿದ್ದ. ಹೆಂಡತಿ ಪೂಜಿತಾ ಜಗಳವಾಡಿ ವಡ್ಡು ಎಂಬ ಊರಿನ ತವರಿಗೆ ಹೋಗಿ ಕುಳಿತಿದ್ದಳು. ಇವನು ಫೋನು ಮಾಡುತ್ತಿರಲಿಲ್ಲ, ಅವಳೂ ಮಾಡುತ್ತಿರಲಿಲ್ಲ. ಶೈಲಜಾ ಅವನ ಮುಂದೆ ಒಂದು ಗ್ಲಾಸು ಇಟ್ಟಳು. ಪುದೀನ, ಸಾಸಿವೆಕಾಳಿನಷ್ಟು ಪಚ್ಚಕರ್ಪೂರ, ಮೇಲೆ ಹಿಪ್ಪಲಿ. ಬಾಯಿಗೆ ಇಟ್ಟಾಗ ತಣ್ಣಗೆ, ಗಂಟಲಿಗೆ ಇಳಿದಾಗ ಉರಿ.

ಮಾರುತೇಶ ಕೆಮ್ಮಿ ಕಣ್ಣೊರೆಸಿಕೊಂಡ. "ಏನ್ ಹಾಕೀರಿ ಮೇಡಂ ಇದ್ರಾಗ?"

"ವಿರಹ. ಕಾವ್ಯದಾಗ ಗಂಡ ಹೆಂಡ್ತಿ ದೂರ ಆದ್ರಂದ್ರ ಗಂಧ ಹಚ್ಚಿದ್ರೂ ಉರೀತದ, ಬೆಳದಿಂಗಳೂ ಸುಡ್ತದ. ನಿಮಗ ಹೆಂಗನಸ್ತು?"

ಅವನು ಹೊರಗೆ ಹೋಗಿ ಕಂಬಕ್ಕೆ ಒರಗಿ ಫೋನು ಹಚ್ಚಿದ. ಆ ವಾರದಲ್ಲೇ ಪೂಜಿತಾ ಮರಳಿ ಬಂದಳು. ಬಂದವಳು ನೇರ ಅಂಗಡಿಗೆ ಬಂದು, ತನ್ನ ಗಂಡ ಕುಡಿದ ಚಹಾ ತನಗೂ ಬೇಕೆಂದಳು. ಕುಡಿದು ಮೂಗು ಕೆಂಪಾದ ಮೇಲೆ, "ಇಷ್ಟ ಉರೀತೇನ್ ನಿನಗ? ಸಾಲಂಗಿಲ್ಲ. ಇನ್ನೊಂದು ಕುಡಿ" ಎಂದು ಅವನ ಕಡೆ ಗ್ಲಾಸು ಸರಿಸಿದಳು.

ಇಷ್ಟಾದ ಮೇಲೆ ಶೈಲಜಾ ಎಲ್ಲ ಹೆಸರುಗಳನ್ನೂ ಒಂದು ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ನೇತುಹಾಕಿದಳು. ದಿನಾ ಬೆಳಗ್ಗೆ ಪತ್ರಿಕೆ ಓದಲು ಬರುವ ನಿವೃತ್ತ ಕನ್ನಡ ಮಾಸ್ತರು ರೇವಣಸಿದ್ದಪ್ಪ ಹಲಗೆಯನ್ನು ಬೆರಳಿಟ್ಟು ಎಣಿಸಿದರು. ಒಮ್ಮೆ ಎಣಿಸಿ, ಕನ್ನಡಕ ಒರೆಸಿ ಮತ್ತೆ ಎಣಿಸಿದರು.

"ಹದಿನೇಳು ಅದಾವಲ್ಲವ್ವ. ಒಂದು ಬಿಟ್ಟೀ."

ಬಿಟ್ಟದ್ದು ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ಕಾವ್ಯದ ನಾಯಕ ನಾಯಿಕೆ ಮಲಗುವ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲಿನ ವರ್ಣನೆ ಅದು. ಶೈಲಜಾ ಒಲೆಯಿಂದ ಕಣ್ಣೆತ್ತದೆ, "ಅದು ಹೋಟೆಲಿನ್ಯಾಗ ಸಿಗಂಗಿಲ್ಲ ಸರ್. ಮನ್ಯಾಗ ಮಾಡ್ಕೊಳ್ಳಾದು" ಎಂದಳು. ಮಾಸ್ತರು ಪತ್ರಿಕೆಯನ್ನು ಮುಖದವರೆಗೆ ಎತ್ತಿಕೊಂಡರು. ಪತ್ರಿಕೆ ತಲೆಕೆಳಗಾಗಿತ್ತು ಎಂದು ಪಂಪಮ್ಮ ಈಗಲೂ ಹೇಳುತ್ತಾಳೆ.

ಸ್ವಲ್ಪ ಹೊತ್ತಿನ ಮೇಲೆ ಮಾಸ್ತರು ಪತ್ರಿಕೆ ಇಳಿಸಿ ಇನ್ನೊಂದು ಮಾತು ಹೇಳಿದರು. "ಕೊನೀ ಸಾಲು ಅಳಿಸವ್ವ. ಜನ ತಪ್ಪ್ ತಿಳಕೊಂತಾರ."

ಕೊನೆಯ ಸಾಲಿನಲ್ಲಿ "ಮಧುಪಾನ, ಶುಕ್ರವಾರ ಸಂಜೆ ಮಾತ್ರ" ಎಂದಿತ್ತು.

"ತಿಳಕೊಳ್ಳಲಿ ಬಿಡ್ರಿ ಸರ್" ಎಂದಳು ಶೈಲಜಾ. ಆಕೆ ಅದನ್ನು ಬೇಕೆಂದೇ ಹಾಗೆ ಬರೆದಿದ್ದಳು.

ಶುಕ್ರವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಡಿಯ ಮುಂದೆ ಗಂಡಸರ ಸಾಲು. ಎಂದೂ ಸಾಲಿನಲ್ಲಿ ನಿಲ್ಲದವರು ಅಂದು ಒಬ್ಬರ ಹಿಂದೊಬ್ಬರು ತಲೆ ತಗ್ಗಿಸಿಕೊಂಡು ನಿಂತಿದ್ದರು. ಎಲ್ಲರಿಗಿಂತ ಮುಂದೆ ಎರ್ರಿಯಪ್ಪ. ಓಣಿಯ ಕೊನೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು, ಮಹಿಳಾ ಸಂಘದ ಅಧ್ಯಕ್ಷೆ ದುರ್ಗಕ್ಕನ ಗಂಡ. ಕಿಸೆಯಲ್ಲಿ ಹುರಿದ ಶೇಂಗಾ ಪೊಟ್ಟಣವನ್ನೂ ತಂದಿದ್ದ. ಮುಂದೆ ಬಾಗಿ ಪಿಸುಮಾತಿನಲ್ಲಿ ಕೇಳಿದ:

"ಕ್ವಾರ್ಟರ್ ಐತ್ಯೋ, ಬರೇ ಲೂಸ್ ಕೊಡ್ತೀಯೋ ತಂಗಿ?"

"ಲೂಸ್ ಅಷ್ಟ ಐತ್ರಿ ಅಣ್ಣ."

ಒಣದ್ರಾಕ್ಷಿ ನೆನೆಸಿದ ನೀರು, ಕಡು ಡಿಕಾಕ್ಷನ್, ಸಂಡೂರಿನ ತವರಿನಿಂದ ತರಿಸಿದ ಗುಡ್ಡದ ಜೇನು. ಗಾಜಿನ ಲೋಟದಲ್ಲಿ ಕಂದುಗೆಂಪಾಗಿ ಹೊಳೆಯುತ್ತಿತ್ತು. ಎರ್ರಿಯಪ್ಪ ರೂಢಿಯಂತೆ ಮೊದಲೇ ಮುಖ ಕಿವುಚಿ, ಕಣ್ಣು ಮುಚ್ಚಿ, ಒಂದೇ ಏಟಿಗೆ ಎತ್ತಿದ. ಕಿವುಚಿದ ಮುಖ ನಿಧಾನವಾಗಿ ಬಿಚ್ಚಿಕೊಂಡಿತು.

"ಇದು ಜೇನಲ್ಲೇನು?" ಎಂದ ಮೆಲ್ಲಗೆ.

"ಮಧು ಅಂದ್ರ ಜೇನ ಅಲ್ಲೇನ್ರಿ ಅಣ್ಣ" ಎಂದಳು ಶೈಲಜಾ ಅಷ್ಟೇ ಮೆಲ್ಲಗೆ.

ಎರ್ರಿಯಪ್ಪ ಹಿಂದೆ ತಿರುಗಿ ನೋಡಿದ. ಸಾಲಿನವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ತಾನೊಬ್ಬನೇ ಮೋಸಹೋದೆ ಎಂದು ಒಪ್ಪಿಕೊಳ್ಳುವ ಮನಸ್ಸು ಅವನಿಗೆ ಬರಲಿಲ್ಲ. ಮೀಸೆ ಒರೆಸಿಕೊಂಡು, "ಭಾಳ ಸ್ಟ್ರಾಂಗ್ ಐತಿ. ನೋಡಿ ಕುಡೀರಿ" ಎಂದು ಪಕ್ಕದ ಗೋಡೆ ಹಿಡಿದುಕೊಂಡು ನಡೆದ. ಎರಡನೆಯವನು ಕುಡಿದ, ಎರ್ರಿಯಪ್ಪನ ಕಡೆ ನೋಡಿದ, ತಾನೂ ತಲೆ ಕೊಡವಿ ಹೋಗಿ ಗೋಡೆಗೆ ಒರಗಿದ. ಮೂರನೆಯವನು ಒಂದು ಹೆಜ್ಜೆ ತಡವರಿಸಿಯೂ ತೋರಿಸಿದ. ಹೀಗೆ ಜೇನು ಕುಡಿದ ಗಂಡಸರು ಗೋಡೆಯುದ್ದಕ್ಕೂ ಸಾಲಾಗಿ ನಿಂತು, ಒಬ್ಬರ ಗುಟ್ಟು ಒಬ್ಬರು ಕಾಯುತ್ತ, ಎರ್ರಿಯಪ್ಪನ ಶೇಂಗಾ ತಿನ್ನತೊಡಗಿದರು. ಒಳಗೆ ಪಂಪಮ್ಮ ಸೆರಗು ಬಾಯಿಗೆ ತುರುಕಿಕೊಂಡು ಸಕ್ಕರೆ ಚೀಲದ ಹಿಂದೆ ಕುಳಿತಿದ್ದಳು.

ಅಷ್ಟರಲ್ಲಿ ದುರ್ಗಕ್ಕ ಬಂದಳು. ಜೊತೆಗೆ ಸಂಘದ ಹೆಂಗಸರು. ಓಣಿಯಲ್ಲಿ ಸಾರಾಯಿ ಮಾರುತ್ತಿದ್ದಾರೆಂದು ಅವರಿಗೆ ಸುದ್ದಿ ಮುಟ್ಟಿತ್ತು. ದುರ್ಗಕ್ಕ ಗಂಡನನ್ನು ಒಂದು ಸಲ ನೋಡಿ, ಅವನನ್ನು ಆಮೇಲೆ ವಿಚಾರಿಸಿಕೊಳ್ಳುವಂತೆ ಪಕ್ಕಕ್ಕಿಟ್ಟು, ಒಲೆಯ ಮುಂದೆ ಬಂದು ನಿಂತಳು.

"ಪಂಪಮ್ಮ, ನಿನ್ ಸೊಸಿ ಓದಿದಾಕಿ ಅಂತ ತಿಳಿದಿದ್ವಿ. ಬಾಟ್ಲಿ ಎಲ್ಲಿ ಇಟ್ಟೀರಿ, ಹೊರಗ ತೆಗೀರಿ."

"ಬಾಟ್ಲಿ ಇಲ್ರಿ ದುರ್ಗಕ್ಕ, ಕೆಟಲ್ ಐತಿ" ಎಂದಳು ಶೈಲಜಾ. "ಸಿಟ್ ಮಾಡಬ್ಯಾಡ್ರಿ. ಕಾವ್ಯದಾಗ ಮಧುಪಾನ ಅಂತ ಬರ್ತದ. ಗಂಡಸರಷ್ಟ ಅಲ್ಲ, ಹೆಂಗಸರೂ ಕುಡೀತಾರ. ಕುಡಿದ ಮ್ಯಾಲ ನಾಲಿಗಿ ತೊದಲ್ತದ, ಮನಸಿನ್ಯಾಗ ಇದ್ದದ್ದೆಲ್ಲ ಹೊರಗ ಬರ್ತದ. ಮರುದಿನ ಯಾರೂ ಅದನ್ನ ಎತ್ತಿ ಆಡಂಗಿಲ್ಲ. ಮೊದಲ ಒಂದು ಗುಟುಕು ತಗೊಂಡು ಆಮ್ಯಾಲೆ ಬೈರಿ."

ದುರ್ಗಕ್ಕ ಲೋಟವನ್ನು ಮೂಗಿಗೆ ಹಿಡಿದಳು. ಅನುಮಾನದಿಂದ ನಾಲಿಗೆ ತಾಗಿಸಿದಳು. ಆಮೇಲೆ ಒಂದು ಗುಟುಕು ಕುಡಿದಳು. ಗೋಡೆ ಹಿಡಿದು ಓಲಾಡುತ್ತಿದ್ದ ಗಂಡಸರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಕೆಯ ಮುಖದಲ್ಲಿ ಒಂದು ನಗೆ ಏಳುತ್ತಿತ್ತು. ಅದನ್ನು ಹಲ್ಲು ಕಚ್ಚಿ ತಡೆದಳು. ಲೋಟ ಪೂರ್ತಿ ಮುಗಿಸಿ ಬೆಂಚಿನ ಮೇಲೆ ದೊಪ್ಪನೆ ಕುಳಿತಳು.

"ನನಗ ಏರ್ತು" ಎಂದಳು.

ಗೋಡೆಯ ಬಳಿ ಓಲಾಟ ನಿಂತಿತು.

"ಎರ್ರಿಯಪ್ಪಾ" ಎಂದು ದುರ್ಗಕ್ಕ ಗಂಡನನ್ನು ಹೆಸರು ಹಿಡಿದು ಕರೆದಳು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಆ ಹೆಸರು ಬಂದದ್ದನ್ನು ಓಣಿಯ ಯಾರೂ ಕೇಳಿರಲಿಲ್ಲ. "ನೀನು ಮೀಸಿಗಿ ಹಚ್ಚಾದು ನನ್ ಮದರಂಗಿ. ಕದ್ದು ಹಚ್ಕೊಂತಿ. ಬಾಗ್ಲ ಹಾಕ್ಕೊಂಡು ಭಾಂಡೆ ತಿಕ್ಕಿ ಕೊಡ್ತಿ, ಹೊರಗ ಬಂದು ನಮ್ಮನ್ಯಾಗ ಹೆಂಗಸ್ರ ಕೆಲ್ಸ ಗಂಡಸ್ರು ಮಾಡಂಗಿಲ್ಲ ಅಂತಿ. ನಾನೇನ್ ಬಾಗ್ಲ ಹಾಕಂತ ಹೇಳೀನೇನು?"

"ಏ, ಇಕಿಗಿ ಏರೇತಿ" ಎಂದ ಎರ್ರಿಯಪ್ಪ ಎಲ್ಲರ ಕಡೆ ತಿರುಗಿ. ಅದು ಬರೀ ಜೇನು ಎಂದು ಹೇಳಿದರೆ ತಾನು ಗೋಡೆ ಹಿಡಿದದ್ದು ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ಉಳಿದ ಗಂಡಸರೂ ಅದೇ ಇಕ್ಕಟ್ಟಿನಲ್ಲಿದ್ದರು. ಹೆಂಗಸರು ಒಬ್ಬೊಬ್ಬರೇ ಲೋಟ ತೆಗೆದುಕೊಂಡರು. ಒಬ್ಬಳು ಅತ್ತೆಯನ್ನು ಅಣಕಿಸಿದಳು. ಇನ್ನೊಬ್ಬಳು ತನಗೆ ಈಜು ಬರುತ್ತದೆಂದೂ ಕಾಲುವೆಯಲ್ಲಿ ಗಂಡನಿಗಿಂತ ಮುಂದೆ ಹೋಗಬಲ್ಲೆನೆಂದೂ ಬಾಯಿಬಿಟ್ಟಳು. ಹೊಳೆಮ್ಮ ಎಂಬ ಮುದುಕಿ ಎರಡು ಲೋಟ ಕುಡಿದು ಕುಣಿದಳು.

ಕೊನೆಗೆ ಪಂಪಮ್ಮ ಸಕ್ಕರೆ ಚೀಲದ ಹಿಂದಿನಿಂದ ಎದ್ದು ಬಂದು ಕೆಟಲಿನ ತಳದಲ್ಲಿದ್ದುದನ್ನು ಬಸಿದುಕೊಂಡು ಕುಡಿದಳು.

"ನನಗೂ ಏರ್ತು. ಶೈಲಾ, ನಿನ್ ಸಮುದ್ರದ ಚಾ ನಾಯಿನೂ ಮೂಸಂಗಿಲ್ಲ" ಎಂದಳು. ಎಲ್ಲರೂ ನಕ್ಕರು. ನಗು ಮುಗಿಯುವ ತನಕ ಪಂಪಮ್ಮ ಲೋಟವನ್ನು ತಿರುಗಿಸುತ್ತ ನಿಂತಿದ್ದಳು. ಆಮೇಲೆ ಸೊಸೆಯ ಕಡೆ ನೋಡದೆ, "ಕಾಲೇಜಿನ್ಯಾಗ ಬರಬ್ಯಾಡ ಅಂದ ದಿನ ನೀನು ಕಣ್ಣೀರ್ ಹಾಕಾಕತ್ತಿದ್ದಿ. ಯಾಕ ಅಳ್ತಿ ಅಂದ್ರ ಉಳ್ಳಾಗಡ್ಡಿ ಹೆಚ್ಚಿನಿ ಅಂದಿ. ಆವತ್ತು ಮನ್ಯಾಗ ಉಳ್ಳಾಗಡ್ಡಿ ಇರ್ಲಿಲ್ಲ. ನನಗ ಗೊತ್ತಿತ್ತು. ಮುಂದ ಏನಂತ ಕೇಳ್ಬೇಕು ಅಂತ ತಿಳೀಲಿಲ್ಲ" ಎಂದಳು.

ಶೈಲಜಾ ಅತ್ತೆಯ ಕೈಯಿಂದ ಲೋಟ ತೆಗೆದುಕೊಂಡು, ತೊಳೆದು, ಮತ್ತೆ ತೊಳೆದಳು. "ಅತ್ತಿ, ಕುಂದ್ರಿ. ಮಂಡಿ ನೋಯ್ತದ" ಎಂದಳು.

ಮುಂದಿನ ವಾರದಿಂದ ಶುಕ್ರವಾರದ ಸಂಜೆ ಹೆಂಗಸರದಾಯಿತು. ದುರ್ಗಕ್ಕನ ಸಂಘದ ಸಭೆಯೂ ಅಲ್ಲಿಯೇ. ಗಂಡಸರು ಬರಬಹುದು, ಆದರೆ ಲೋಟ ತೊಳೆಯಬೇಕು. ಎರ್ರಿಯಪ್ಪ ಮೊದಲ ವಾರ ಬರಲಿಲ್ಲ. ಎರಡನೆಯ ವಾರ ತೋಳು ಮಡಚಿಕೊಂಡು ಬಂದು, ಬಾಗಿಲು ಹಾಕದೆ, ಎಲ್ಲರ ಎದುರಿಗೇ ತೊಳೆದ. ಬಹಳ ಚೊಕ್ಕಟವಾಗಿ ತೊಳೆಯುತ್ತಾನೆ.

ಮಳೆಗಾಲಕ್ಕೆ ಕಾಲೇಜಿನಿಂದ ಫೋನು ಬಂತು. ಐಚ್ಛಿಕ ಕನ್ನಡಕ್ಕೆ ನಾಲ್ಕು ಮಕ್ಕಳು ಸೇರಿದ್ದರು. ಅವರಲ್ಲಿ ಇಬ್ಬರು ಅಂಗಡಿಯ ಹಲಗೆ ಓದಿ ಬಂದವರು. ಶೈಲಜಾ ಬೆಳಗ್ಗೆ ಪಾಠಕ್ಕೆ ಹೋಗುತ್ತಾಳೆ, ಸಂಜೆ ಅಂಗಡಿಗೆ ಬರುತ್ತಾಳೆ. ಆಕೆ ಇಲ್ಲದ ಹೊತ್ತಿನಲ್ಲಿ ವರ್ಣನೆಗಳನ್ನು ಗಿರಾಕಿಗಳಿಗೆ ವಿವರಿಸುವುದು ಪಂಪಮ್ಮನ ಕೆಲಸ.

ಒಂದು ದಿನ ರೇವಣಸಿದ್ದಪ್ಪ ಮಾಸ್ತರು ಕಾಲೇಜಿನ ದಾರಿಯಲ್ಲೇ ಶೈಲಜಾಳನ್ನು ತಡೆದು ದೂರಿದರು. ಹಂಪಿ ನೋಡಲು ಬಂದ ಯಾರಿಗೋ ಪಂಪಮ್ಮ, ಯುದ್ಧ ಗೆದ್ದ ರಾಜ ಕುದುರೆಯಿಂದ ಇಳಿದವನೇ ಮೊದಲು ಮಿರ್ಚಿ ಮಂಡಕ್ಕಿ ತಿಂದ, ಆಮೇಲೆ ಪಟ್ಟ ಏರಿದ ಎಂದು ಹೇಳಿದಳಂತೆ. ಅವರು ಅದನ್ನು ಬರೆದುಕೊಂಡು ಹೋದರಂತೆ.

ಶೈಲಜಾ ಸಂಜೆ ಅಂಗಡಿಗೆ ಬಂದು, "ಅತ್ತಿ, ಅದು ಯಾವ ಕಾವ್ಯದಾಗ ಐತ್ರಿ?" ಎಂದು ಕೇಳಿದಳು.

ಪಂಪಮ್ಮ ಎಣ್ಣೆಯಲ್ಲಿ ಮಿರ್ಚಿ ತಿರುವಿ ಹಾಕುತ್ತ, "ನೀನು ಓದಿಲ್ಲ ಬಿಡು ಅದನ್ನ" ಎಂದಳು.