ಗುರ್ ಎನ್ನದ ನಾಯಿ ಮತ್ತು ಎದುರುಮನೆಯ ಅಕ್ಕ

ಎದುರುಮನೆಯ ಅಕ್ಕನ ಬಲ ಮಣಿಕಟ್ಟಿನ ಮೇಲೆ ಅರ್ಧಚಂದ್ರದಂಥ ಒಂದು ಗುರುತಿತ್ತು. ಅಲ್ಲಿ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಬಳೆ ಸರಿಯಾಗಿ ಕೂರುತ್ತಿರಲಿಲ್ಲ. "ಇದೇನಜ್ಜಿ?" ಎಂದು ನನ್ನ ಮೊಮ್ಮಕ್ಕಳಾದ ನೀವಿಬ್ಬರೂ ಕೇಳಿದಾಗಲೆಲ್ಲ, "ಒಗ್ಗರಣೆ ಎಣ್ಣೆ ಸಿಡೀತು ಕಣ್ರೋ" ಎಂದು ನಗುತ್ತಿದ್ದರು. ಅದು ಎಣ್ಣೆ ಸಿಡಿದ ಗುರುತಲ್ಲ. ತಾವಿರುವವರೆಗೆ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಎದುರಿಗೆ ಕೂತು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದ ಮೇಲೆ ನಾನು ನಿಮ್ಮಪ್ಪನ ಜೊತೆಗಿರಲು ವಿಜಯನಗರ ಬಡಾವಣೆಯ ಈ ಮನೆಗೆ ಬಂದೆ. ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಅಕ್ಕನೇ ಗೇಟಿನಾಚೆಯಿಂದ "ಏನ್ರೀ, ಕಾಫಿ ಆಯ್ತಾ?" ಎಂದು ದಿನಾ ಕೂಗಿ ನನ್ನನ್ನು ಹೊರಗೆಳೆದರು. ಸಂಜೆ ಮೆಟ್ಟಿಲ ಮೇಲೆ ಕೂತು ಬೀದಿನಾಯಿಗಳಿಗೆ ಅನ್ನ ಹಾಕುವರು. ಆದರೆ ಮುಖ ಬೇರೆ ಕಡೆ ತಿರುಗಿಸಿಕೊಂಡಿರುವರು. "ಹೆಣ್ಣು ನೋಡೋಕೆ ಬಂದವರ ಥರ ಮುಖಾನೇ ನೋಡ್ತಾ ಕೂತ್ಕೋಬಾರ್ದು ಕಣ್ರೀ. ಬೇಕು ಅನ್ಸಿದ್ರೆ ಅದೇ ಬರತ್ತೆ" ಎನ್ನುವರು.

ನಿಮ್ಮಪ್ಪ ನಾಯಿ ತರುತ್ತೇನೆಂದಾಗ, "ಮಕ್ಕಳನ್ನೂ ಕರ್ಕೊಂಡು ಹೋಗಪ್ಪ. ನಾಯಿ ಮಕ್ಕಳನ್ನ ಹೇಗೆ ನೋಡತ್ತೆ, ಅದನ್ನ ನೋಡು" ಎಂದರು. ಅವನು ನಕ್ಕು ಒಬ್ಬನೇ ಹೋದ. ನಾಗರಬಾವಿಯಲ್ಲಿ ಮನೆ ಖಾಲಿ ಮಾಡುತ್ತಿದ್ದವರಿಂದ ಎಳೆಗರುವಿನಷ್ಟು ಎತ್ತರದ ಕಪ್ಪು ನಾಯಿ ತಂದ.

ಅದು ಬೊಗಳಲಿಲ್ಲ. ವರಾಂಡದ ಮೂಲೆಯಲ್ಲಿ ನಿಂತೇ ಇತ್ತು. ಪುಟ್ಟಿ, ಆಗ ನಿನಗೆ ಮೂರು ವರ್ಷ. ನೀನು ಓಡಿದ ಕಡೆಗೆಲ್ಲ ಅದರ ಕಣ್ಣು ತಿರುಗುತ್ತಿತ್ತು, ತಲೆ ಅಲುಗುತ್ತಿರಲಿಲ್ಲ.

"ಎಷ್ಟು ಸಾಧು ನೋಡಿ ಆಂಟಿ" ಎಂದ ನಿಮ್ಮಪ್ಪ.

ಅಕ್ಕ ಗೇಟಿನಲ್ಲೇ ನಿಂತರು. "ಒಂದು ಸಲಾನೂ ಗುರ್ ಅನ್ನಲ್ವಲ್ಲೋ, ಯಾಕೆ?"

"ಅದೇ ಸ್ಪೆಷಲ್ಲು! ಗುರ್ ಅಂದಾಗೆಲ್ಲ ಹಿಂದಿನ ಮನೆಯವರು ಬೆಲ್ಟಲ್ಲಿ ಬಿಟ್ಟು ಬಿಟ್ಟು ಸರಿ ಮಾಡಿದಾರಂತೆ."

ಅಕ್ಕನ ಮುಖ ಬಾಡಿತು. "ಅದರ ಭಯ ಹೋಗಿಲ್ಲ ಕಣಪ್ಪ. ಗುರ್ ಅಂತ ಹೇಳೋದನ್ನ ಮಾತ್ರ ಬಿಟ್ಟಿದೆ. ವಾಪಸ್ ಬಿಟ್ಟು ಬಾ."

"ನೋಡೋಣ ಬಿಡಿ ಆಂಟಿ."

ನಮ್ಮ ಕಡೆ ಮನೆಗೆ ಕರು ಬಂದರೂ ಹಣೆಗೆ ವಿಭೂತಿ ಹಚ್ಚಿ ಒಳಗೆ ಕರೆದುಕೊಳ್ಳುವುದು ಪದ್ಧತಿ. ಹಚ್ಚುವುದು ಮನೆಯ ಚಿಕ್ಕ ಮಗು. ಮರುದಿನ ಬೆಳಿಗ್ಗೆ, ಪುಟ್ಟಿ, ನಿನ್ನಣ್ಣ ಶಾಲೆಗೆ ಹೋಗಿದ್ದ. ನಿಮ್ಮಪ್ಪ ನಾಯಿಯ ಕೊರಳಪಟ್ಟಿ ಹಿಡಿದ. ನಿಮ್ಮಮ್ಮ ವೀಡಿಯೊ ತೆಗೆಯಲು ಫೋನ್ ಎತ್ತಿಕೊಂಡು "ಹಚ್ಚು ಪುಟ್ಟಿ" ಎಂದಳು. ಮೂರು ಬೆರಳಿಗೆ ವಿಭೂತಿ ಬಳಿದುಕೊಂಡು ನೀನು ಅದರ ಮುಖದ ಮೇಲೆ ಬಗ್ಗಿದೆ. ನಾಲಗೆ ಚಾಚಿ ತೇಕುತ್ತಿದ್ದ ನಾಯಿ ಥಟ್ಟನೆ ಬಾಯಿ ಮುಚ್ಚಿತು. ಬಾಲ, ಕಿವಿ ಎರಡೂ ಅಲುಗದೆ ನಿಂತವು. ಕಣ್ಣಂಚಿನಲ್ಲಿ ಬಿಳಿ ಕಂಡಿತು. ತಟ್ಟೆ ಹಿಡಿದು ನಿಂತಿದ್ದ ನಾನು, ಎಷ್ಟು ಶಾಂತವಾಗಿದೆ ಎಂದುಕೊಂಡೆ.

ಅಕ್ಕ ಯಾವಾಗ ಒಳಗೆ ಬಂದರೋ ಗೊತ್ತಿಲ್ಲ. ನಿನ್ನ ಕೆನ್ನೆಗೂ ಆ ಬಾಯಿಗೂ ನಡುವೆ ಅವರ ಕೈ ಬಂತು. ಬಳೆ ಒಡೆದ ಸದ್ದು ಮಾತ್ರ ಕೇಳಿಸಿತು.

ನಿಮ್ಮಪ್ಪ ನಾಯಿಯನ್ನು ಎಳೆದು ಕೋಲೆತ್ತಿದ. ರಕ್ತ ಸುರಿಯುವ ಕೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ ಅಕ್ಕ, "ಹೊಡೀಬೇಡಪ್ಪ, ಹೊಡೆದೇ ಅದು ಹೀಗಾಗಿರೋದು" ಎಂದರು. ಆಸ್ಪತ್ರೆಯಲ್ಲಿ ಹೊಲಿಗೆ, ಇಂಜೆಕ್ಷನ್ ಎಲ್ಲ ಆದ ಮೇಲೆ ನನ್ನ ಕೈ ಹಿಡಿದು ಹೇಳಿದರು: "ನಾನಿರೋವರೆಗೆ ಮಕ್ಕಳಿಗೆ ಹೇಳ್ಬೇಡ್ರೀ. ನನ್ನ ಕೈ ನೋಡ್ಕೊಂಡು ನಾಯಿಗೆ ಹೆದರ್ತಾ ಬೆಳೆಯೋದು ಬೇಡ." ಆ ನಾಯಿಯನ್ನು ಕೆಂಗೇರಿಯಾಚೆ, ನಾಯಿ ಪಳಗಿಸುವ, ಮನೆಯಲ್ಲಿ ಮಕ್ಕಳಿಲ್ಲದವರೊಬ್ಬರಿಗೆ ಒಪ್ಪಿಸುವವರೆಗೆ ಅವರಿಗೆ ಸಮಾಧಾನವಿರಲಿಲ್ಲ.

ಗಾಯ ಮಾಗಿದ ಮೇಲೆ ಅವರೇ ನಿಮ್ಮಿಬ್ಬರನ್ನು ಶ್ರೀಗಂಧದ ಕಾವಲು ಬಡಾವಣೆಗೆ, ಬೀದಿನಾಯಿಗಳನ್ನು ತಂದು ಸಾಕುವವರೊಬ್ಬರ ಮನೆಗೆ ಕರೆದುಕೊಂಡು ಹೋದರು. ನೆಲದ ಮೇಲೆ ಕೂರಿಸಿ, ಯಾವುದನ್ನೂ ಕರೆಯಬೇಡಿ ಎಂದರು. ಕಂದು ಬಣ್ಣದ ಹೆಣ್ಣುನಾಯಿಯೊಂದು ಬಂದು ಮೂಸಿ ಹೋಯಿತು; ತಿರುಗಿ ಬಂತು. ಅದೇ ನಮ್ಮ ಕೆಂಪಿ. ನೀವು ಬಾಲ ತುಳಿದಾಗ ಅದು ಗುರ್ ಎಂದರೆ ಮನೆಯಲ್ಲಿ ಯಾರೂ ಅದನ್ನು ಗದರುವುದಿಲ್ಲ, ನೋಡಿದ್ದೀರಲ್ಲ. ಅದು ಅಕ್ಕ ಹಾಕಿದ ಕಟ್ಟಳೆ.

ಕಳೆದ ತಿಂಗಳು ಅಕ್ಕ ಹೋದರು. ಮಣ್ಣು ಮಾಡಲು ಕರೆದೊಯ್ಯುವ ಮುಂಚೆ ಹಣೆಗೆ ವಿಭೂತಿ ಹಚ್ಚಲು ಅವರ ಮನೆಯವರು ನನ್ನನ್ನು ಕರೆದರು. ಪುಟ್ಟಿ, ನೀನು ಪಕ್ಕದಲ್ಲಿ ನಿಂತು ಅವರ ಮಣಿಕಟ್ಟನ್ನು ಸವರಿ, "ಒಗ್ಗರಣೆ ಕೈ ಅಲ್ವಾ ಅಜ್ಜಿ" ಎಂದೆ. ನಾನು ಹೂಂ ಎಂದೆ. ನಿನ್ನ ಕೆನ್ನೆ ನೋಡಿದೆ. ಒಂದು ಕಲೆಯೂ ಇಲ್ಲ. ಅಲ್ಲಿರಬೇಕಾಗಿದ್ದ ಗುರುತು ಅವರ ಕೈಯ ಮೇಲೆ ಮಣ್ಣಿಗೆ ಹೋಯಿತು.