ಮಾಡೆಮ್ ಮೇಲಿನ ಮೊಸರು

ಗೆಳೆಯರೇ, ಇಂದು ಬೆಳಿಗ್ಗೆಯೂ ಶಾಲೆಯ ಆನ್‌ಲೈನ್ ಸಭೆಯಲ್ಲಿ ನಾನು ಬಾಯಿ ತೆರೆದೊಡನೆ ನೆಟ್ ಹೋಯಿತು. ತಿಂಗಳಿಂದ ಸ್ವಿಚ್ ಆಫ್-ಆನ್ ಮಾಡಿ ಸಾಕಾಗಿತ್ತು. ಸಿಟ್ಟಿನಿಂದ ಇಂಡಿ ಪೇಟೆಯ ರಿಪೇರಿಯವನನ್ನು ಕರೆಸಿದೆ. ಅವನು ಸ್ಟೂಲ್ ಹತ್ತಿ, ಕಪಾಟಿನ ಮೇಲಿದ್ದ ಹಳೆಯ ಮಾಡೆಮ್ ಮುಟ್ಟಿ ಕೈ ಝಾಡಿಸಿದ.

"ಸರ್, ಹಂಚು ಕಾದಂಗ ಕಾದೈತಿ! ಗಾಳಿ ಆಡೋ ತೂತಿನ ಮ್ಯಾಲ ಈ ಹಾಲಿನ ಬೋಗುಣಿ ಯಾಕ್ರಿ?"

ಅಡುಗೆಮನೆಯಿಂದ ಅವ್ವ ಗದರಿದಳು: "ತಮ್ಮಾ, ಅಳಗಾಡಸಬ್ಯಾಡ! ಹೆಪ್ಪು ಹಾಕೇನಿ. ಈ ಥಂಡ್ಯಾಗ ಮೊಸರು ಮತ್ತೆಲ್ಲಿ ಆಗತೈತಿ?"

ಅವನು ಬೋಗುಣಿ ಇಳಿಸಿ, ಧೂಳು ಒರೆಸಿ ಹೋದ. ನೆಟ್ ಸರಾಗವಾಯಿತು.

ಮಧ್ಯಾಹ್ನ ಅವ್ವನ ಬಳಿ ರೊಟ್ಟಿಗೆ ಮೊಸರು ಕೇಳಿದೆ.

"ನೆಟ್ ಛಲೋ ಆಗೈತಲ್ಲ, ಅದರಾಗ ತರಿಸ್ಕೊಂಡು ಉಣ್ಣು."

ಬೋಗುಣಿ ಮತ್ತೆ ಕಪಾಟು ಹತ್ತಿತು. ನಾಳೆಯಿಂದ ನಾನು ಆನ್‌ಲೈನ್ ಕಾಣದಿದ್ದರೆ, ಮೊಸರು ಹೆಪ್ಪುಗಟ್ಟುತ್ತಿದೆ ಎಂದು ತಿಳಿಯಿರಿ.